ಹಾಡಿತ್ತು, ಹಾಡುವವರು ಇರಲಿಲ್ಲ

ಹಳೆಯ ಮಾನಿಟರನ್ನು ಕಳಚಿ ಹೊಸದನ್ನು ಮೇಜಿನ ಮೇಲೆ ಕೂರಿಸಿದ ದಿನವೇ ನಮ್ಮ ಮನೆಯ ಕಂಪ್ಯೂಟರಿಗೆ ಬಾಯಿ ಕಟ್ಟಿಹೋಯಿತು. ಚಿತ್ರವೇನೋ ಚೆನ್ನಾಗಿತ್ತು. ಪರೀಕ್ಷೆಗೆಂದು ಹಾಕಿದ ವಿಡಿಯೊದಲ್ಲಿ ಮಾತನಾಡುವವರ ತುಟಿಗಳು ಅಲುಗುತ್ತಿದ್ದವು, ಪರದೆಯ ಮೂಲೆಯ ಸ್ಪೀಕರ್ ಚಿಹ್ನೆ ಎಂದಿನಂತೆಯೇ ಇತ್ತು, ವಾಲ್ಯೂಮ್ 80ರಲ್ಲಿತ್ತು. ಆದರೆ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮಾತ್ರ ಸದ್ದಿನ ಸುಳಿವೇ ಇರಲಿಲ್ಲ. ಇದನ್ನು ಸರಿಪಡಿಸಲು ನನಗೆ ನಾಲ್ಕು ದಿನ ಹಿಡಿಯಿತು. ನಿಜಕ್ಕೂ ಇದು ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು ಎಂಬುದನ್ನು ಬರೆದಿಟ್ಟರೆ, ಇಂಥದ್ದೇ ತೊಂದರೆಯಲ್ಲಿ ಸಿಕ್ಕಿಕೊಂಡವರಿಗೆ ಒಂದಿಷ್ಟು ಸಮಯ ಉಳಿದೀತು.

ಮೊದಲ ಸಂಜೆ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದೆ. ಹೆಡ್‌ಫೋನಿನ ಪಿನ್ನನ್ನು ಕಿತ್ತು ಮತ್ತೆ ಚುಚ್ಚಿದೆ. ಆಮೇಲೆ ಡಿವೈಸ್ ಮ್ಯಾನೇಜರಿಗೆ ಹೋಗಿ, ಮದರ್‌ಬೋರ್ಡಿನಲ್ಲಿರುವ ಸೌಂಡ್ ಚಿಪ್ಪಿನ ಡ್ರೈವರನ್ನು, ಅಂದರೆ ಆ ಚಿಪ್ಪನ್ನು ನಡೆಸಲು ವಿಂಡೋಸಿಗೆ ಬೇಕಾದ ಸಾಫ್ಟ್‌ವೇರನ್ನು, ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ಮತ್ತೊಮ್ಮೆ ಶುರುಮಾಡಿ, ವಿಂಡೋಸ್ ಆ ಚಿಪ್ಪನ್ನು ತಾನೇ ಗುರುತಿಸಿ ಡ್ರೈವರನ್ನು ಮರಳಿ ಹಾಕಿಕೊಳ್ಳುವವರೆಗೆ ಕಾದು ಕುಳಿತೆ. ಮೌನ ಮುಂದುವರಿಯಿತು. ಸರ್ವಿಸಸ್ ಪಟ್ಟಿಯನ್ನು ತೆರೆದು ವಿಂಡೋಸ್ ಆಡಿಯೊ ಎಂಬ ಸೇವೆಯೂ, ಅದು ಆಧರಿಸಿರುವ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್ ಎಂಬ ಇನ್ನೊಂದು ಸೇವೆಯೂ ನಡೆಯುತ್ತಿವೆಯೇ ಎಂದು ನೋಡಿದೆ, ಎರಡೂ ನಡೆಯುತ್ತಿದ್ದವು. ಇಷ್ಟೆಲ್ಲ ಮಾಡುವಾಗ ಒಂದು ಸರಳ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ: ಸದ್ದು ಹುಟ್ಟುತ್ತಲೇ ಇಲ್ಲವೋ, ಅಥವಾ ಹುಟ್ಟಿ ಬೇರೆಲ್ಲಿಗೋ ಹೋಗುತ್ತಿದೆಯೋ?

ಆ ಪ್ರಶ್ನೆಗೆ ಉತ್ತರ ಸಿಗುವ ಜಾಗ ಕಂಟ್ರೋಲ್ ಪ್ಯಾನೆಲಿನ ಸೌಂಡ್ ವಿಭಾಗದಲ್ಲಿ, ಪ್ಲೇಬ್ಯಾಕ್ ಎಂಬ ಪುಟದಲ್ಲಿದೆ. ಕಂಪ್ಯೂಟರಿನಿಂದ ಸದ್ದು ಹೊರಡಬಲ್ಲ ದಾರಿಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ, ಪ್ರತಿಯೊಂದರ ಪಕ್ಕದಲ್ಲಿಯೂ ಸದ್ದಿನ ಮಟ್ಟವನ್ನು ತೋರಿಸುವ ಒಂದು ಸಣ್ಣ ಕಂಬವಿರುತ್ತದೆ. ವಿಡಿಯೊ ಓಡುತ್ತಿರುವಾಗಲೇ ಆ ಪುಟವನ್ನು ತೆರೆದು ನೋಡಿದರೆ, ಸ್ಪೀಕರ್ಸ್ ಎಂದು ಬರೆದಿದ್ದ ಸಾಲಿನ ಕಂಬ ಬೂದುಬಣ್ಣದಲ್ಲಿ ಸತ್ತು ಬಿದ್ದಿತ್ತು. ಅದರ ಕೆಳಗೆ ಹೊಸ ಮಾನಿಟರಿನ ಹೆಸರಿದ್ದ ಸಾಲಿನಲ್ಲಿ ಹಸಿರು ಕಂಬ ಮಾತಿನ ಲಯಕ್ಕೆ ಸರಿಯಾಗಿ ಏರುತ್ತ ಇಳಿಯುತ್ತ ಕುಣಿಯುತ್ತಿತ್ತು. ಡಿಫಾಲ್ಟ್, ಅಂದರೆ ಬೇರೆ ಹೇಳದಿದ್ದರೆ ಸದ್ದು ತಾನಾಗಿ ಹೋಗುವ ದಾರಿ, ಎಂದು ಸೂಚಿಸುವ ಹಸಿರು ಟಿಕ್ ಗುರುತು ಕೂಡ ಮಾನಿಟರಿನ ಮೇಲೆಯೇ ಇತ್ತು.

ಕಾರಣ ಆಗ ಹೊಳೆಯಿತು. ನನ್ನ ಹಳೆಯ ಮಾನಿಟರ್ ವಿಜಿಎ ಕೇಬಲಿನದು. 1987ರಷ್ಟು ಹಿಂದೆ ಬಂದ ಆ ಜೋಡಣೆಯಲ್ಲಿ ಚಿತ್ರ ಮಾತ್ರ ಹರಿಯುತ್ತದೆ, ಸದ್ದಿಗೆ ಅಲ್ಲಿ ಜಾಗವಿಲ್ಲ. ಹೊಸ ಮಾನಿಟರನ್ನು ನಾನು ಜೋಡಿಸಿದ್ದು ಎಚ್‌ಡಿಎಂಐ ಕೇಬಲಿನಿಂದ. 2002ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೂ ಅದು ಚಿತ್ರ ಮತ್ತು ಸದ್ದು ಎರಡನ್ನೂ ಒಂದೇ ಕೇಬಲಿನಲ್ಲಿ ಸಾಗಿಸುತ್ತದೆ. ನನ್ನ ಮಾನಿಟರಿನಲ್ಲಿ ಸ್ಪೀಕರುಗಳಿಲ್ಲ, ಬೆನ್ನಿನ ಕಡೆ ಹೆಡ್‌ಫೋನಿಗೆಂದು ಒಂದು ತೂತು ಮಾತ್ರ ಇದೆ. ಆದರೂ ತಾನು ಸದ್ದನ್ನು ಸ್ವೀಕರಿಸಬಲ್ಲೆ ಎಂದು ಕಂಪ್ಯೂಟರಿಗೆ ಹೇಳಿಕೊಳ್ಳಲು ಅದಕ್ಕೆ ಅಷ್ಟೇ ಸಾಕಾಗಿತ್ತು, ಹೊಸದಾಗಿ ಬಂದ ಸಾಧನವನ್ನೇ ವಿಂಡೋಸ್ ಡಿಫಾಲ್ಟ್ ಮಾಡಿಕೊಂಡಿತ್ತು. ಇದಕ್ಕಿಂತ ನಗು ಬರಿಸಿದ ಸಂಗತಿಯೆಂದರೆ, ಎಚ್‌ಡಿಎಂಐ ಮೂಲಕ ಹೋಗುವ ಸದ್ದನ್ನು ನೋಡಿಕೊಳ್ಳುವುದು ಗ್ರಾಫಿಕ್ಸ್ ಚಿಪ್ಪಿನೊಳಗಿನ ಬೇರೆಯದೇ ಆಡಿಯೊ ಸಾಧನ. ಅಂದರೆ ನಾನು ಒಂದು ಗಂಟೆ ಕಾಲ ಕಿತ್ತು ಹಾಕಿ ಉಪಚಾರ ಮಾಡಿದ ಡ್ರೈವರ್ ಆ ಹೊತ್ತಿನಲ್ಲಿ ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದ್ದು.

ಸ್ಪೀಕರ್ಸ್ ಸಾಲಿನ ಮೇಲೆ ಬಲಗುಂಡಿ ಒತ್ತಿ ಅದನ್ನು ಡಿಫಾಲ್ಟ್ ಮಾಡಿದೆ. ಹೆಡ್‌ಫೋನಿನಲ್ಲಿ ಸದ್ದು ಬಂತು. ಗೆದ್ದೆ ಎಂದುಕೊಂಡು, ಒಂದು ಹಾಡು ಹಾಕಿ ಮಗಳಿಗೆ ಹೆಡ್‌ಫೋನ್ ಕೊಟ್ಟೆ. ಅವಳು ಅರ್ಧ ನಿಮಿಷ ಕೇಳಿ, ಒಂದು ಕಿವಿಯಿಂದ ಅದನ್ನು ಸರಿಸಿ, "ಅಪ್ಪಾ, ಇದ್ರಲ್ಲಿ ಬರೀ ವಾದ್ಯ ಇದೆ, ಹಾಡೋರು ಎಲ್ಲಿ ಹೋದ್ರು?" ಎಂದಳು.

ನಾನು ಹಾಕಿಕೊಂಡು ಕೇಳಿದೆ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪಿಟೀಲುಗಳ ಗುಂಪು ಇತ್ತು, ಎಡಬಲಗಳಲ್ಲಿ ಹರಡಿದ ಗಿಟಾರಿನ ಮೀಟು ಇತ್ತು, ಆದರೆ ಎಲ್ಲವೂ ಬಾವಿಯೊಳಗಿನಿಂದ ಬಂದಂತೆ ಟೊಳ್ಳಾಗಿ ಕೇಳುತ್ತಿತ್ತು. ಗಾಯಕಿಯ ದನಿ ಇರಬೇಕಾದ ಜಾಗದಲ್ಲಿ ಆ ದನಿಯ ಮಾರ್ದನಿ ಮಾತ್ರ, ಪಕ್ಕದ ಕೋಣೆಯಲ್ಲಿ ಯಾರೋ ಹಾಡಿ ಎದ್ದು ಹೋದ ಹಾಗೆ, ತೆಳ್ಳಗೆ ತೇಲುತ್ತಿತ್ತು. ಡ್ರಮ್ಮಿನ ಗುದ್ದು ಕೂಡ ಇರಲಿಲ್ಲ. ಹಾಡು ಬಿಟ್ಟು ಸುದ್ದಿಯ ತುಣುಕೊಂದನ್ನು ಹಾಕಿದರೆ ಶೀರ್ಷಿಕೆಯ ಸಂಗೀತ ಕೇಳಿಸಿತು, ವಾರ್ತೆ ಓದುವವರು ಬಾಯಿ ತೆರೆದೊಡನೆ ಮತ್ತೆ ನಿಶ್ಶಬ್ದ.

ಮೊದಲ ದೋಷ ಎರಡನೆಯದನ್ನು ಮುಚ್ಚಿಟ್ಟುಕೊಂಡಿತ್ತು ಎಂಬುದು ಈಗ ಸ್ಪಷ್ಟವಾಗಿ ಕಾಣುತ್ತದೆ. ಆಗ ನನಗೆ ಅನ್ನಿಸಿದ್ದು ಬೇರೆ: ಸೆಟ್ಟಿಂಗಿನಲ್ಲಿ ಒಂದು ತಪ್ಪು ಸಿಕ್ಕಿತು, ಇನ್ನೊಂದು ಕೂಡ ಅಲ್ಲಿಯೇ ಎಲ್ಲೋ ಇರಬೇಕು. ಎರಡು ದಿನ ಹಾಳಾದದ್ದು ಈ ಊಹೆಯಿಂದಲೇ.

ಊಹೆಗೆ ಆಧಾರವಿರಲಿಲ್ಲ ಎಂದು ಹೇಳಲಾರೆ. ಸಾಮಾನ್ಯವಾಗಿ ಧ್ವನಿಮುದ್ರಣದಲ್ಲಿ ಗಾಯಕರ ದನಿಯನ್ನು ನಟ್ಟನಡುವೆ ಇಡುತ್ತಾರೆ. ಅಂದರೆ ಎಡ ಮತ್ತು ಬಲ ಎರಡೂ ಚಾನೆಲ್‌ಗಳಲ್ಲಿ ಅದು ಒಂದೇ ಪ್ರಮಾಣದಲ್ಲಿ ಇರುತ್ತದೆ. ಒಂದು ಚಾನೆಲಿನಿಂದ ಇನ್ನೊಂದನ್ನು ಕಳೆದರೆ ಎರಡರಲ್ಲೂ ಸಮಾನವಾಗಿರುವುದು ಸೊನ್ನೆಯಾಗಿ, ಬೇರೆ ಬೇರೆಯಾಗಿರುವುದು ಮಾತ್ರ ಉಳಿಯುತ್ತದೆ. ಕರೋಕೆಗಾಗಿ ದನಿಯನ್ನು ಅಳಿಸುವ ಸರಳ ಉಪಾಯವೂ ಇದೇ, ಕೆಲವು ಸೌಂಡ್ ಡ್ರೈವರ್‌ಗಳಲ್ಲಿ ಇಂಥದ್ದೊಂದು ಸೌಲಭ್ಯವೂ ಇರುತ್ತದೆ. ಹಾಗಾಗಿ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬ ಪುಟದಲ್ಲಿ ಯಾವುದೋ ಗುಂಡಿ ಅಕಸ್ಮಾತ್ತಾಗಿ ಒತ್ತಿಹೋಗಿದೆಯೆಂದು ನಂಬಿ ಎಲ್ಲವನ್ನೂ ಆರಿಸಿದೆ. ಬದಲಾವಣೆ ಇಲ್ಲ. ಮುಂದೆ ಸ್ಪೀಕರುಗಳ ಸಂಖ್ಯೆಯನ್ನು ನೋಡಿದೆ. ಇರುವುದು ಎರಡೇ ಸ್ಪೀಕರ್ ಆಗಿದ್ದು ಕಂಪ್ಯೂಟರಿನಲ್ಲಿ 5.1, ಅಂದರೆ ಆರು ಸ್ಪೀಕರುಗಳ ಜೋಡಣೆ, ಎಂದು ಹೇಳಿಟ್ಟಿದ್ದರೆ, ಸಿನಿಮಾದ ಸಂಭಾಷಣೆಗಳು ಇಲ್ಲದ ಮಧ್ಯದ ಸ್ಪೀಕರಿಗೆ ಹೋಗಿ ಮಾಯವಾಗುತ್ತವೆ. ಇದು ಬಹಳ ಮಂದಿಗೆ ಆಗುವ ತೊಂದರೆ. ನನ್ನಲ್ಲಿ ಸ್ಟೀರಿಯೊ ಎಂದೇ ಇತ್ತು. ಸ್ಯಾಂಪಲ್ ದರವನ್ನು, ಅಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿಡುತ್ತದೆ ಎಂಬುದನ್ನು, 48000ದಿಂದ 44100 ಹರ್ಟ್ಸ್‌ಗೆ ಇಳಿಸಿದೆ, ಮತ್ತೆ ಏರಿಸಿದೆ. ಚಿಪ್ ತಯಾರಕರ ಡ್ರೈವರಿನ ಬದಲು ವಿಂಡೋಸ್ ಜೊತೆಗೇ ಬರುವ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಎಂಬ ಸಾಮಾನ್ಯ ಡ್ರೈವರನ್ನು ಹಾಕಿ ನೋಡಿದೆ. ಈ ಕೊನೆಯದು ಒಳ್ಳೆಯ ಪರೀಕ್ಷೆಯೇ. ತಯಾರಕರ ಡ್ರೈವರಿನಲ್ಲಿ ದೋಷವಿದ್ದರೆ ಸಾಮಾನ್ಯ ಡ್ರೈವರಿನಲ್ಲಿ ಅದು ಮಾಯವಾಗಬೇಕು. ನನ್ನ ಗಾಯಕಿ ಮರಳಲಿಲ್ಲ.

ಇದರ ನಡುವೆ ಹೆಡ್‌ಫೋನ್ ಕೆಟ್ಟಿದೆಯೇ ಎಂಬುದನ್ನು ಕೂಡ ಪರೀಕ್ಷಿಸಿದ್ದೆ. ಅದರ ಪಿನ್ನನ್ನು ಮೊಬೈಲಿಗೆ ಚುಚ್ಚಿ ಅದೇ ಹಾಡನ್ನು ಹಾಕಿದಾಗ ದನಿ ಗಟ್ಟಿಯಾಗಿ, ನಡುವಿನಿಂದ, ಸರಿಯಾಗಿಯೇ ಬಂತು. ಆದ್ದರಿಂದ ಹೆಡ್‌ಫೋನ್ ನಿರ್ದೋಷಿ ಎಂದು ತೀರ್ಮಾನಿಸಿದೆ. ತೀರ್ಮಾನ ಸರಿಯೇ ಇತ್ತು. ಆದರೆ ಅದರ ಜೊತೆಗೆ, ನನಗೇ ಗೊತ್ತಿಲ್ಲದಂತೆ, ಇನ್ನೊಂದು ವಸ್ತುವನ್ನೂ ನಿರ್ದೋಷಿ ಎಂದು ಬಿಟ್ಟುಬಿಟ್ಟಿದ್ದೆ.

ಮೂರನೆಯ ದಿನ ಬೇಸತ್ತು, ಸಾಫ್ಟ್‌ವೇರನ್ನು ಇಡಿಯಾಗಿ ಪಕ್ಕಕ್ಕಿಟ್ಟು ನೋಡಬೇಕೆಂದು ನಿರ್ಧರಿಸಿದೆ. ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲಿಗೆ ಬಳಸಬಹುದಾದ ಉಬುಂಟು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ತುಂಬಿ, ಕಂಪ್ಯೂಟರನ್ನು ಅದರಿಂದಲೇ ಶುರುಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ಮನೆ ಬಳಸಿ ನೋಡುವ ಆಯ್ಕೆಯನ್ನು ಒತ್ತಿದೆ. ಹೀಗೆ ಮಾಡುವುದರಿಂದ ಹಾರ್ಡ್‌ಡಿಸ್ಕಿನಲ್ಲಿರುವ ವಿಂಡೋಸಿಗೆ ಏನೂ ಆಗುವುದಿಲ್ಲ, ಆದರೆ ಅದರ ಡ್ರೈವರ್, ಅದರ ಸೆಟ್ಟಿಂಗು, ಅದರ ಅಪ್‌ಡೇಟು ಯಾವುದೂ ಈ ಕಡೆಗೆ ಬರುವುದಿಲ್ಲ. ಮೊದಲ ದಿನವೇ ಇದನ್ನು ಮಾಡಬೇಕಿತ್ತೆಂದು ಈಗ ಅನ್ನಿಸುತ್ತದೆ, ಏಕೆಂದರೆ ಒಂದೇ ಪರೀಕ್ಷೆಯಲ್ಲಿ ಅರ್ಧದಷ್ಟು ಶಂಕಿತರು ಆಚೆ ಹೋಗುತ್ತಾರೆ. ಸೌಂಡ್ ಸೆಟ್ಟಿಂಗಿಗೆ ಹೋಗಿ, ಈ ಸಲ ಮೊದಲು ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ, ಹೆಡ್‌ಫೋನನ್ನು ಆರಿಸಿ ಟೆಸ್ಟ್ ಗುಂಡಿಯನ್ನು ಒತ್ತಿದೆ. ಅಲ್ಲಿ ಎಡಗಡೆಯ ಚಿತ್ರವನ್ನು ಒತ್ತಿದರೆ ಹೆಣ್ಣು ದನಿಯೊಂದು "ಫ್ರಂಟ್ ಲೆಫ್ಟ್" ಎನ್ನುತ್ತದೆ.

ಆ ದನಿ ನನಗೆ ಎರಡೂ ಕಿವಿಯಲ್ಲಿ ಕೇಳಿಸಿತು.

ಎಡ ಎಂದು ಹೇಳುವ ದನಿ ಬಲಗಿವಿಯಲ್ಲಿ ಏಕೆ ಬರಬೇಕು? ಮತ್ತೆ ಒತ್ತಿದೆ. ಎರಡೂ ಕಡೆ, ಸಮಪ್ರಮಾಣದಲ್ಲಿ, ತಲೆಯ ಹಿಂದೆಲ್ಲೋ ನಿಂತು ಹೇಳಿದಂತೆ. "ಫ್ರಂಟ್ ರೈಟ್" ಒತ್ತಿದರೂ ಹಾಗೆಯೇ. ವಿಂಡೋಸಿನಲ್ಲಿಯೂ ಇಂಥದ್ದೇ ಟೆಸ್ಟ್ ಗುಂಡಿ ಇದೆ, ಅದನ್ನು ನಾನು ಮೊದಲ ದಿನವೇ ಒತ್ತಿದ್ದೆ. ಆದರೆ ಅದು ಬರೀ ಗಂಟೆಯ ಸದ್ದು ಮಾಡುವುದರಿಂದ, ಸದ್ದು ಬಂತೋ ಇಲ್ಲವೋ ಎಂದಷ್ಟೇ ಗಮನಿಸಿದ್ದೆನೇ ಹೊರತು ಯಾವ ಕಿವಿಗೆ ಬಂತೆಂದು ಕೇಳಿಸಿಕೊಂಡಿರಲಿಲ್ಲ. ಎಡ ಎಂದು ಮಾತಿನಲ್ಲಿ ಹೇಳಿದ ಮೇಲೆಯೇ ಕಿವಿ ಎಚ್ಚರಗೊಂಡಿತು.

ಈಗ ಎರಡು ಸಂಗತಿಗಳು ಖಚಿತವಾದವು. ಬೇರೆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿಯೂ ದೋಷ ಇದ್ದುದರಿಂದ ಸಾಫ್ಟ್‌ವೇರಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ಬದಿಯ ಸದ್ದು ಇನ್ನೊಂದು ಬದಿಗೆ ಹಾಯುತ್ತಿರುವುದರಿಂದ ತಂತಿಗಳಲ್ಲೇ ಏನೋ ಏರುಪೇರಾಗಿದೆ. ಪಿನ್ನಿನ ರಚನೆಯನ್ನು ನೆನಪಿಸಿಕೊಂಡೆ. 3.5 ಮಿಲಿಮೀಟರಿನ ಸಾಮಾನ್ಯ ಸ್ಟೀರಿಯೊ ಪಿನ್ನಿನಲ್ಲಿ ಎರಡು ಕಪ್ಪು ಗೆರೆಗಳಿಂದ ಬೇರ್ಪಟ್ಟ ಮೂರು ಲೋಹದ ಭಾಗಗಳಿರುತ್ತವೆ: ತುದಿ ಎಡ ಚಾನೆಲಿನದು, ನಡುವಿನ ಉಂಗುರ ಬಲದ್ದು, ಬುಡದ ಉದ್ದನೆಯ ಭಾಗ ಇಬ್ಬರಿಗೂ ಸೇರಿದ ಗ್ರೌಂಡ್. ಎಡಗಿವಿಗೆ ಹೋದ ವಿದ್ಯುತ್ತೂ ಬಲಗಿವಿಗೆ ಹೋದ ವಿದ್ಯುತ್ತೂ ಮರಳಿ ಬರುವುದು ಆ ಒಂದೇ ತಂತಿಯಿಂದ. ಅದು ತುಂಡಾದರೆ ಹೆಡ್‌ಫೋನ್ ಸುಮ್ಮನಾಗುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು, ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಸುಮ್ಮನಾಗುವುದಿಲ್ಲ. ಹಿಂದಿರುಗುವ ದಾರಿ ಮುಚ್ಚಿದಾಗ ಎಡಗಿವಿಯ ಸುರುಳಿಯೂ ಬಲಗಿವಿಯ ಸುರುಳಿಯೂ ಒಂದರ ಹಿಂದೆ ಒಂದು ಸೇರಿಕೊಂಡು, ಎಡ ಮತ್ತು ಬಲ ಚಾನೆಲ್‌ಗಳ ನಡುವೆ ಸೇತುವೆಯಾಗುತ್ತವೆ. ಆಗ ಹರಿಯುವುದು ಎರಡರ ವ್ಯತ್ಯಾಸ ಮಾತ್ರ. ಎರಡೂ ಕಡೆ ಸಮಾನವಾಗಿರುವ ಗಾಯಕಿಯ ದನಿಗೆ ಹರಿಯಲು ಕಾರಣವೇ ಇಲ್ಲ. ಕರೋಕೆಯ ಉಪಾಯವನ್ನು ಸಾಫ್ಟ್‌ವೇರಿನಲ್ಲಿ ಹುಡುಕುತ್ತಿದ್ದೆ. ಒಂದು ತುಂಡು ತಂತಿ ಅದನ್ನು ತಾನಾಗಿಯೇ ಮಾಡುತ್ತಿತ್ತು.

ಇಲ್ಲಿ ಒಂದು ಹಳೆಯ ನೆನಪು. ವರ್ಷಗಳ ಹಿಂದೆ ಗೆಳೆಯರೊಬ್ಬರ ಇಯರ್‌ಫೋನ್ ಬೇರೆ ಫೋನಿಗೆ ಹಾಕಿದಾಗ ಹೀಗೆಯೇ ಟೊಳ್ಳಾಗಿ ಕೇಳುತ್ತಿತ್ತು, ಮೈಕಿನ ಗುಂಡಿಯನ್ನು ಒತ್ತಿಹಿಡಿದರೆ ಮಾತ್ರ ಸರಿಯಾಗುತ್ತಿತ್ತು. ಮೈಕ್ ಇರುವ ನಾಲ್ಕು ಭಾಗದ ಪಿನ್ನುಗಳಲ್ಲಿ ಸಿಟಿಐಎ ಮತ್ತು ಒಎಂಟಿಪಿ ಎಂಬ ಎರಡು ಪದ್ಧತಿಗಳಿದ್ದು, ಗ್ರೌಂಡ್ ಮತ್ತು ಮೈಕಿನ ಜಾಗಗಳು ಅವುಗಳಲ್ಲಿ ಅದಲುಬದಲಾಗಿರುತ್ತವೆ. ಗುಂಡಿ ಒತ್ತಿದಾಗ ಮೈಕ್ ಮತ್ತು ಗ್ರೌಂಡ್ ಒಂದಕ್ಕೊಂದು ತಾಗುವುದರಿಂದ ದಾರಿ ತೆರೆಯುತ್ತದೆ. ಆ ದಿನ ಅದನ್ನು ವಿಚಿತ್ರವೆಂದು ನಕ್ಕು ಬಿಟ್ಟಿದ್ದೆವು.

ಹಾಗಾದರೆ ತಂತಿ ತುಂಡಾದದ್ದು ಎಲ್ಲಿ? ಹೆಡ್‌ಫೋನ್ ಮೊಬೈಲಿನಲ್ಲಿ ಸರಿಯಾಗಿದೆ. ಉಳಿದದ್ದು ಕಂಪ್ಯೂಟರಿನ ಜ್ಯಾಕ್ ಎಂದು ಲೆಕ್ಕ ಹಾಕಿ, ನಾವೆಲ್ಲ ತಪ್ಪಾಗಿ ಸಿಪಿಯು ಎಂದು ಕರೆಯುವ ಆ ಪೆಟ್ಟಿಗೆಯನ್ನು ಮೇಜಿನ ಕೆಳಗಿನಿಂದ ಎಳೆದು, ಟಾರ್ಚ್ ಹಿಡಿದು ಹಿಂಭಾಗವನ್ನು ನೋಡಿದೆ. ಪಿಸಿ 99 ಎಂಬ ನಿಯಮಾವಳಿಯ ಕಾಲದಿಂದ ಬಳಕೆಯಲ್ಲಿರುವ ಬಣ್ಣಗಳು ಅಲ್ಲಿದ್ದವು: ಮೈಕಿಗೆ ಗುಲಾಬಿ, ಹೊರಗಿನಿಂದ ಸದ್ದು ತರಲು ತಿಳಿನೀಲಿ, ಹೊರಗೆ ಕಳಿಸಲು ಹಸಿರು. ಹಸಿರು ತೂತಿನಲ್ಲಿ ಪಿನ್ ಸರಿಯಾಗಿಯೇ ಕೂತಿತ್ತು. ಆ ಪಿನ್ನನ್ನು ಬೆರಳಿನಲ್ಲಿ ಹಿಡಿದಾಗಲೇ ಗೊತ್ತಾದದ್ದು, ಅದು ನನ್ನ ಹೆಡ್‌ಫೋನಿನ ಪಿನ್ ಅಲ್ಲ ಎಂದು.

ಅದು ಎಕ್ಸ್‌ಟೆನ್ಷನ್ ವೈರು. ಪೆಟ್ಟಿಗೆಯ ಬೆನ್ನಿನಿಂದ ಮೇಜಿನ ಅಂಚಿನವರೆಗೆ ಬರುವ, ಎಷ್ಟೋ ವರ್ಷಗಳ ಹಿಂದೆ ಹಾಕಿದ, ಮೇಜಿನ ಕಾಲಿಗೆ ಕಟ್ಟಿ ಮರೆತೇಬಿಟ್ಟಿದ್ದ ವೈರು. ಮೇಜಿನ ಅಂಚಿನಲ್ಲಿದ್ದ ಅದರ ಬಾಯಿಯನ್ನು ನಾನು ಕಂಪ್ಯೂಟರಿನದೇ ಜ್ಯಾಕ್ ಎಂಬಂತೆ ದಿನವೂ ಬಳಸುತ್ತಿದ್ದೆ. ಹೆಡ್‌ಫೋನನ್ನು ಮೊಬೈಲಿಗೆ ಚುಚ್ಚಿ ನೋಡಿದಾಗ ಈ ವೈರು ಪರೀಕ್ಷೆಯಿಂದ ಹೊರಗೇ ಉಳಿದಿತ್ತು. ಅದನ್ನು ಕಿತ್ತು ಹೆಡ್‌ಫೋನನ್ನು ನೇರವಾಗಿ ಹಸಿರು ತೂತಿಗೆ ಚುಚ್ಚಿ, ನೆಲದ ಮೇಲೆ ಮಂಡಿಯೂರಿ ಕುಳಿತು, ಗಿಡ್ಡ ವೈರಿಗೆ ತಲೆ ಬಾಗಿಸಿ ಹಾಡು ಹಾಕಿದೆ. ಗಾಯಕಿ ನಟ್ಟನಡುವೆ ನಿಂತು ಹಾಡಿದಳು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಮೂರು ದಿನ ಆಟ ಆಡಿಸಿದ ವೈರನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಮಲ್ಟಿಮೀಟರನ್ನು, ತಂತಿ ಕಡಿಯದೆ ಇದ್ದರೆ ಬೀಪ್ ಸದ್ದು ಮಾಡುವ ಕಂಟಿನ್ಯುಟಿ ಸ್ಥಾನಕ್ಕೆ ತಿರುಗಿಸಿದೆ. ವೈರಿನ ಒಂದು ತುದಿ ಪಿನ್ ಆದ್ದರಿಂದ ಮೀಟರಿನ ಕಡ್ಡಿ ತಾಗಿಸುವುದು ಸುಲಭ. ಇನ್ನೊಂದು ತುದಿಯ ತೂತಿನೊಳಕ್ಕೆ ಕಡ್ಡಿ ಹೋಗುವುದಿಲ್ಲ. ಅದಕ್ಕಾಗಿ ಹಿಂದೆಂದೋ ಕೆಟ್ಟ ಇಯರ್‌ಫೋನಿನಿಂದ ವೈರು ಸಮೇತ ಕತ್ತರಿಸಿಟ್ಟಿದ್ದ ಪಿನ್ನೊಂದನ್ನು ಆ ತೂತಿಗೆ ಚುಚ್ಚಿ, ಅದರ ಮೂರು ಎಳೆಗಳನ್ನು ಬಿಡಿಸಿಕೊಂಡೆ. ಮೊದಲು ಯಾವುದಕ್ಕೂ ಬೀಪ್ ಬರಲಿಲ್ಲ. ಇಯರ್‌ಫೋನಿನ ಎಳೆಗಳ ಮೇಲೆ ಬಣ್ಣದಂತೆ ಕಾಣುವ ಎನಾಮೆಲ್ ಲೇಪನವಿರುತ್ತದೆ, ಅದನ್ನು ಕೆರೆದು ತೆಗೆಯದೆ ವಿದ್ಯುತ್ ಹಾಯುವುದಿಲ್ಲ ಎಂಬುದು ಸ್ವಲ್ಪ ಹೊತ್ತಿನ ಮೇಲೆ ನೆನಪಾಯಿತು. ಬ್ಲೇಡಿನಿಂದ ಕೆರೆದ ಮೇಲೆ ತುದಿಗೆ ಬೀಪ್ ಬಂತು, ಉಂಗುರಕ್ಕೆ ಬೀಪ್ ಬಂತು, ಬುಡಕ್ಕೆ ಬರಲಿಲ್ಲ. ತೂತಿನ ಕಡೆಯ ರಬ್ಬರ್ ಕತ್ತಿನ ಬಳಿ ವೈರನ್ನು ಮೆಲ್ಲಗೆ ಬಾಗಿಸಿದಾಗ ಮೀಟರ್ ಒಮ್ಮೆ ಬಿಕ್ಕಳಿಸಿದಂತೆ ಕೂಗಿ ಮತ್ತೆ ಸುಮ್ಮನಾಯಿತು. ಮಾನಿಟರ್ ಬದಲಿಸುವ ದಿನ ಮೇಜನ್ನು ಗೋಡೆಯಿಂದ ಆಚೆ ಎಳೆದದ್ದು ನೆನಪಾಯಿತು. ಮೇಜಿನ ಕಾಲಿಗೆ ಕಟ್ಟಿದ್ದ ವೈರು ಆಗಲೇ ಜಗ್ಗಿರಬೇಕು. ಎರಡು ದೋಷಗಳೂ ಒಂದೇ ದಿನ ಹುಟ್ಟಿದ್ದು ಕಾಕತಾಳೀಯವಲ್ಲ.

ಹೊಸ ವೈರು ಬರುವವರೆಗೆ ಬ್ಲೂಟೂತ್ ಹೆಡ್‌ಫೋನನ್ನು ಬಳಸಿದೆ. ಅದರದ್ದೊಂದು ಕಿರಿಕಿರಿ: ಹಾಡಿಗೆ ಚೆನ್ನಾಗಿದ್ದದ್ದು ವಿಡಿಯೊ ಕರೆ ಶುರುವಾದೊಡನೆ ಹಳೆಯ ಟೆಲಿಫೋನಿನಂತೆ ಸಪ್ಪೆಯಾಗುತ್ತಿತ್ತು. ಹಾಡಿಗೆ ಬಳಕೆಯಾಗುವ ಬ್ಲೂಟೂತ್ ವಿಧಾನದಲ್ಲಿ ಸದ್ದು ಒಂದೇ ದಿಕ್ಕಿಗೆ ಹೋಗುತ್ತದೆ. ಹೆಡ್‌ಫೋನಿನ ಮೈಕ್ ಬೇಕಾದಾಗ ಅದು ಕರೆಗಳ ವಿಧಾನಕ್ಕೆ ಬದಲಾಗಿ, ಸ್ಟೀರಿಯೊ ಹೋಗಿ, ಸೆಕೆಂಡಿಗೆ 8000 ಅಥವಾ 16000 ಸ್ಯಾಂಪಲ್‌ಗಳಿಗೆ ಇಳಿಯುತ್ತದೆ. ಕರೆಯ ಸೆಟ್ಟಿಂಗಿನಲ್ಲಿ ಮೈಕಿನ ಜಾಗಕ್ಕೆ ವೆಬ್‌ಕ್ಯಾಮಿನ ಮೈಕನ್ನು ಆರಿಸಿದ ಮೇಲೆ ಅದು ಸರಿಹೋಯಿತು. ಕರೆ ನಡೆಯುವಾಗ ಉಳಿದೆಲ್ಲ ಸದ್ದುಗಳು ಕುಗ್ಗುತ್ತಿದ್ದದ್ದು ಮಾತ್ರ ದೋಷವೇ ಅಲ್ಲ: ಸೌಂಡ್ ವಿಭಾಗದ ಕಮ್ಯುನಿಕೇಷನ್ಸ್ ಪುಟದಲ್ಲಿ, ಕರೆಯ ವೇಳೆ ಬೇರೆ ಸದ್ದುಗಳನ್ನು 80 ಶೇಕಡ ಇಳಿಸಬೇಕೆಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಏನೂ ಮಾಡಬೇಡ ಎಂಬ ಆಯ್ಕೆಗೆ ಅದನ್ನು ಬದಲಿಸಿದೆ.

ನಾಲ್ಕನೆಯ ದಿನ ಹೊಸ ವೈರು ಬಂತು. ಮೇಜಿನ ಕಾಲಿಗೆ ಕಟ್ಟುವಾಗ ಒಂದು ಗೇಣು ಸಡಿಲ ಬಿಟ್ಟೆ. ಪ್ಲೇಬ್ಯಾಕ್ ಪುಟದಲ್ಲಿ ಮಾನಿಟರಿನ ಸಾಲಿನ ಮೇಲೆ ಬಲಗುಂಡಿ ಒತ್ತಿ ಡಿಸೇಬಲ್ ಮಾಡಿದೆ. ಹಳೆಯ ವೈರಿನ ರಬ್ಬರ್ ಕತ್ತನ್ನು ಮಗಳ ಎದುರಿಗೇ ಬ್ಲೇಡಿನಿಂದ ಸೀಳಿದೆ. ಒಳಗೆ ಕೆಂಪು ಮತ್ತು ಬಿಳಿ ಹೊದಿಕೆಯ ಎರಡು ಸಣ್ಣ ತಂತಿಗಳು ಗಟ್ಟಿಯಾಗಿಯೇ ಇದ್ದವು. ಅವುಗಳ ಸುತ್ತ ಹೊಸೆದಿದ್ದ ಹೊದಿಕೆಯಿಲ್ಲದ ತಾಮ್ರದ ಎಳೆಗಳೆಲ್ಲ ಒಂದೇ ಜಾಗದಲ್ಲಿ ಕಡಿದುಹೋಗಿ, ಎರಡು ಸಣ್ಣ ಕುಂಚಗಳಂತೆ ಒಂದಕ್ಕೊಂದು ಎದುರಾಗಿ ನಿಂತಿದ್ದವು. ನಡುವಿನ ಸಂದು ಒಂದು ಕೂದಲಿನಷ್ಟೂ ಇರಲಿಲ್ಲ.